ಕೊಳೆ ಎಲ್ಲಿಗೆ ಹೋಯಿತು?

ಶುಚಿತ್ವವು ಸತ್ಯವಿಶ್ವಾಸದ ಅರ್ಧಭಾಗವೆಂದು ಪ್ರವಾದಿವರ್ಯರು(ಸ) ಕಲಿಸಿಕೊಟ್ಟಿದ್ದಾರೆ. ಈ ಮಾತು ಕೇಳಿರದ ಮುಸ್ಲಿಮ್ ಮನೆ ಇರಲಾರದು. ಮದ್ರಸಕ್ಕೆ ಹೋಗುವ ಮಗುವಿಗೂ ಅದು ಬಾಯಿಪಾಠ. ವುಝೂ ಇಲ್ಲದೆ ನಮಾಝ್ ಇಲ್ಲ. ಶರೀರ, ಉಡುಪು, ನಮಾಝಿನ ಜಾಗ, ಈ ಮೂರೂ ಶುದ್ಧವಾಗಿರಬೇಕು. ಪ್ರವಾದಿವರ್ಯರಿಗೆ(ಸ) ಆರಂಭದಲ್ಲಿಯೇ ಅವತೀರ್ಣವಾದ ಆದೇಶಗಳಲ್ಲಿ ಉಡುಪನ್ನು ಶುದ್ಧವಾಗಿರಿಸಿಕೊಳ್ಳಬೇಕೆಂಬುದೂ ಸೇರಿದೆ. ಆದ್ದರಿಂದ ಬೆಳಗ್ಗೆ ಎದ್ದು ಪೊರಕೆ ಹಿಡಿಯುವ ಗೃಹಿಣಿ ತಾನು ಕೇವಲ ಮನೆಗೆಲಸ ಮಾಡುತ್ತಿದ್ದೇನೆಂದು ಭಾವಿಸಬೇಕಾಗಿಲ್ಲ. ಸಂಕಲ್ಪ ಶುದ್ಧವಾಗಿದ್ದರೆ ಅದೂ ಆರಾಧನೆಯ ಒಂದು ಭಾಗವೇ.

ಆದರೆ ಸಹೋದರಿಯರೇ, ಮನೆಯನ್ನು ಶುಚಿ ಮಾಡಿದ ಮೇಲೆ ನಾವು ಕೇಳಿಕೊಳ್ಳಲು ಮರೆಯುವ ಒಂದು ಪ್ರಶ್ನೆ ಇದೆ. ನಮ್ಮ ಮನೆಯಿಂದ ಹೊರಟ ಕೊಳೆ ಎಲ್ಲಿಗೆ ಹೋಯಿತು? ಗುಡಿಸಿದ ಧೂಳು ನೆರೆಮನೆಯ ಬಾಗಿಲಿಗೆ ಹೋಯಿತೇ? ಬಚ್ಚಲಿಗೆ ಸುರಿದ ಆಸಿಡ್ ಯಾರ ಉಸಿರಿಗೆ ಸೇರಿತು? ಮುಚ್ಚಿದ ಗುಂಡಿಯ ಮಲಿನವನ್ನು ಯಾರ ಕೈ ಎತ್ತಿತು? ನೆರೆಯವನಿಗೆ ಉಪದ್ರವ ಕೊಡುವವನ ವಿಶ್ವಾಸವೇ ಸಂಶಯಾಸ್ಪದವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವಾಗ, ಇನ್ನೊಬ್ಬರ ಬದುಕನ್ನು ಕೊಳೆಯಾಗಿಸಿ ಗಳಿಸಿದ ಹೊಳಪನ್ನು ವಿಶ್ವಾಸದ ಅರ್ಧಭಾಗವೆಂದು ಕರೆಯುವುದು ಹೇಗೆ?

ಚಿನ್ನ ಹೋಯಿತು, ಧೂಳು ಉಳಿಯಿತು

ಈ ಪ್ರಶ್ನೆಯನ್ನು ಪ್ರತಿದಿನವೂ ಕಣ್ಣೆದುರಿಗೆ ತಂದು ನಿಲ್ಲಿಸುವ ಊರೊಂದು ನಮ್ಮ ರಾಜ್ಯದಲ್ಲಿದೆ. ಅದು ಕೋಲಾರ ಚಿನ್ನದ ಗಣಿ, ಜನರ ಬಾಯಿಯಲ್ಲಿ ಕೆ.ಜಿ.ಎಫ್. 1880ರಲ್ಲಿ ಜಾನ್ ಟೇಲರ್ ಕಂಪೆನಿ ಅಲ್ಲಿ ಗಣಿಗಾರಿಕೆ ಆರಂಭಿಸಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಈ 120 ವರ್ಷಗಳಲ್ಲಿ ಭೂಮಿಯ ಆಳದಿಂದ ಕಲ್ಲನ್ನು ತಂದು, ಪುಡಿಮಾಡಿ, ಸೈನೈಡಿನಿಂದ ಚಿನ್ನವನ್ನು ಬೇರ್ಪಡಿಸಿ, ಉಳಿದ ಪುಡಿಯನ್ನು ಊರ ಪಕ್ಕದಲ್ಲೇ ರಾಶಿ ಹಾಕಲಾಯಿತು. ಸುಮಾರು 3.3 ಕೋಟಿ ಟನ್ನಿನಷ್ಟಿರುವ ಆ ರಾಶಿಗಳನ್ನು ಜನ ಸೈನೈಡ್ ದಿಬ್ಬಗಳೆನ್ನುತ್ತಾರೆ. ಗಾಳಿ ಬೀಸುವ ದಿನಗಳಲ್ಲಿ ಅವುಗಳ ನುಣುಪಾದ ಧೂಳು ಸುತ್ತಲಿನ ಮನೆಗಳ ಕಿಟಕಿ, ಹಾಸಿಗೆ, ಅನ್ನದ ತಟ್ಟೆಯವರೆಗೂ ಬರುತ್ತದೆ. ಚಿನ್ನ ಬೇರೆಯವರ ಪೆಟ್ಟಿಗೆ ಸೇರಿತು, ಧೂಳು ಮಾತ್ರ ಊರಿನ ಹೆಂಗಸರ ಪೊರಕೆಯ ಪಾಲಿಗೆ ಉಳಿಯಿತು. ತಮ್ಮ ಕೊಳೆ ಎಲ್ಲಿಗೆ ಹೋಗುತ್ತದೆಂದು ಕೇಳಿಕೊಳ್ಳದವರು ಮಾಡುವ ಅನ್ಯಾಯಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಆ ದೊಡ್ಡ ಅನ್ಯಾಯವನ್ನು ಗೃಹಿಣಿಯೊಬ್ಬಳು ತನ್ನ ಪೊರಕೆಯಿಂದ ಸರಿಪಡಿಸಲಾರಳು. ಆದರೆ ತನ್ನ ಮಕ್ಕಳ ಉಸಿರನ್ನು ಕಾಪಾಡುವ ಕೆಲಸ ಅವಳ ಕೈಯಲ್ಲಿದೆ. ಕಲ್ಲಿನ ಸೂಕ್ಷ್ಮ ಧೂಳು ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಗಣಿಯೊಳಗೆ ದುಡಿದ ಅನೇಕರು ಅದಕ್ಕೆ ತುತ್ತಾದರು. ಆದ್ದರಿಂದ ಇಂತಹ ಧೂಳನ್ನು ಒಣಪೊರಕೆಯಿಂದ ಎಬ್ಬಿಸಬಾರದು. ನೆಲದ ಮೇಲೆ ಸ್ವಲ್ಪ ನೀರು ಚಿಮುಕಿಸಿ ಮೆಲ್ಲಗೆ ಗುಡಿಸಿ, ಬಳಿಕ ಒದ್ದೆ ಬಟ್ಟೆಯಿಂದ ಒರೆಸಿರಿ. ಕಿಟಕಿ, ಕಪಾಟುಗಳನ್ನೂ ಹಿಂಡಿದ ಒದ್ದೆ ಬಟ್ಟೆಯಿಂದಲೇ ಒರೆಸಿರಿ. ಜಾನಮಾಝನ್ನು ನೆರೆಮನೆಯ ಕಡೆಗೆ ಝಾಡಿಸಬೇಡಿ. ಆ ದಿಬ್ಬದ ಪುಡಿ ನೋಡಲು ಪಾತ್ರೆ ತಿಕ್ಕುವ ಮರಳಿನಂತೆಯೇ ಇರುತ್ತದೆ. ರಾಸಾಯನಿಕಗಳಲ್ಲಿ ಮಿಂದು ಬಂದ ಅದನ್ನು ಅಡಿಗೆಮನೆಗೆ ಎಂದೂ ತರಬೇಡಿ, ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ.

ಒಂದು ಬೊಗಸೆ ನೀರಿನ ಪಾಠ

ಮಾರಿಕುಪ್ಪಂನಿಂದ ಬಂಗಾರಪೇಟೆಯವರೆಗಿನ ರೈಲುದಾರಿಯಲ್ಲಿ ಯಾವ ಊರಿನಲ್ಲಿಳಿದರೂ ಗೃಹಿಣಿಯರ ಇನ್ನೊಂದು ಚಿಂತೆ ಒಂದೇ, ಅದು ನೀರು. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಗಣಿಯ ಕಾಲದಲ್ಲಿ ಪಾಲಾರ್ ನದಿಗೆ ಸೇರಿದ ಬೇತಮಂಗಲದ ಕೆರೆಯಿಂದ ಕೆ.ಜಿ.ಎಫ್.ಗೆ ನೀರು ತರಲಾಯಿತು. ಆಳದ ಕೊಳವೆ ಬಾವಿಯ ನೀರೋ ಗಡಸು, ಬಕೆಟ್ಟಿನ ಅಂಚಿಗೂ ನಲ್ಲಿಯ ಬಾಯಿಗೂ ಬಿಳಿಯ ಪೊರೆ ಕಟ್ಟುತ್ತದೆ.

ಇಂತಹ ನಾಡಿನವರಿಗೆ ಪ್ರವಾದಿವರ್ಯರ(ಸ) ಮಾದರಿ ಎಷ್ಟು ಹತ್ತಿರದ್ದು! ಅವರು ಒಂದು ಮುದ್ದ್ ನೀರಿನಿಂದ ವುಝೂ ಮಾಡುತ್ತಿದ್ದರು, ನಾಲ್ಕೈದು ಮುದ್ದ್ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರು ಎಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಮುದ್ದ್ ಎಂದರೆ ಎರಡೂ ಕೈಗಳ ತುಂಬು ಬೊಗಸೆ. ಬಹುಪಾಲು ವಿದ್ವಾಂಸರ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಲೀಟರ್. ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು ಮಾತಾಡುತ್ತಾ ವುಝೂ ಮಾಡುವ ನಾವು ಎಷ್ಟು ಮುದ್ದ್ ಹರಿಯಬಿಡುತ್ತೇವೆ? ಅಕ್ಕಿ ತೊಳೆದ ನೀರು ಜಿಡ್ಡಿನ ಪಾತ್ರೆಯ ಮೊದಲ ತೊಳೆತಕ್ಕಾಗುತ್ತದೆ. ಬಟ್ಟೆ ಜಾಲಿಸಿದ ಕೊನೆಯ ನೀರು ಅಂಗಳಕ್ಕಾಗುತ್ತದೆ. ಟ್ಯಾಂಕರಿಗಾಗಿ ಕಾಯುವ ಬೀದಿಯಲ್ಲಿ ನಾವು ಉಳಿಸಿದ ಬಿಂದಿಗೆ ಇನ್ನೊಬ್ಬಳ ಒಲೆಯ ಮೇಲೇರುತ್ತದೆ.

ಹಿತ್ತಲಲ್ಲೇ ಇರುವ ಸಾಮಗ್ರಿ

ಶುಚಿತ್ವಕ್ಕೆ ಬೇಕಾದುದನ್ನು ಅಲ್ಲಾಹನು ಬಡವರ ಕೈಗೂ ಎಟಕುವಂತೆ ಇಟ್ಟಿದ್ದಾನೆ. ಮಗಳು ನಿಧನರಾದಾಗ ಮಯ್ಯಿತ್ತನ್ನು ನೀರು ಮತ್ತು ಸಿದ್ರ್ ಎಲೆಯಿಂದ ತೊಳೆಯಲು, ಕೊನೆಯ ಬಾರಿ ಕರ್ಪೂರ ಸೇರಿಸಲು ಪ್ರವಾದಿವರ್ಯರು(ಸ) ಆದೇಶಿಸಿದರು. ಸಿದ್ರ್ ನಮ್ಮ ಎಲಚಿಯ ಜಾತಿಯ ಮರ. ಹಲ್ಲಿಗೆ ಅವರು ಇಷ್ಟಪಟ್ಟದ್ದು ಮಿಸ್ವಾಕ್, ಒಂದು ಕಡ್ಡಿ. ಕೋಲಾರದ ಕಡೆ ಹುಣಸೆ, ಬೇವುಗಳಿಗೆ ಬರವಿಲ್ಲ. ಬಣ್ಣದ ಬಾಟಲಿಗಳಿಗೆ ಸುರಿಯುವ ಹಣದಲ್ಲಿ ಅರ್ಧ ಉಳಿಸಿದರೂ ಒಂದು ಅನಾಥ ಮಗುವಿನ ಪುಸ್ತಕಕ್ಕಾದೀತು. ಕೆಲವು ವಿಧಾನಗಳನ್ನು ಗಮನಿಸಿರಿ.

ತಾಮ್ರ, ಹಿತ್ತಾಳೆಗೆ: ನಿಂಬೆ ಗಾತ್ರದ ಹುಣಸೆಹಣ್ಣನ್ನು ಅರ್ಧ ಲೋಟ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಒಂದು ಚಿಟಿಕೆ ಕಲ್ಲುಪ್ಪು ಸೇರಿಸಿ ತೆಂಗಿನ ನಾರಿನಿಂದ ತಿಕ್ಕಿರಿ. ಹುಣಸೆಯ ಹುಳಿ ಲೋಹದ ಮೇಲಿನ ಕಪ್ಪು ಪೊರೆಯನ್ನು ಕರಗಿಸುತ್ತದೆ. ಕಲಾಯಿ ಹಾಕಿದ ದೇಗ್ಚಿಯ ಒಳಭಾಗವನ್ನು ಮಾತ್ರ ಹೀಗೆ ತಿಕ್ಕಬೇಡಿ, ಕಲಾಯಿ ಸವೆಯುತ್ತದೆ. ಅಲ್ಯುಮಿನಿಯಂ ಪಾತ್ರೆಯಲ್ಲಿ ಹುಳಿಯನ್ನು ನೆನೆಯಿಡಬೇಡಿ.

ಜಿಡ್ಡಿಗೆ: ಸೌದೆ ಒಲೆಯಿದ್ದರೆ ಜರಡಿ ಹಿಡಿದ ಬೂದಿ ಸಾಕು. ಬೂದಿಯ ಕ್ಷಾರ ಜಿಡ್ಡನ್ನು ಸಾಬೂನಿನಂತೆ ಮಾಡಿ ಬಿಡಿಸುತ್ತದೆ. ಗ್ಯಾಸ್ ಒಲೆಯವರು ಅಡಿಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಬಿಸಿನೀರಿನಲ್ಲಿ ತೊಳೆಯಬಹುದು. ಪ್ಲಾಸ್ಟಿಕ್ ಸುಟ್ಟ ಬೂದಿಯನ್ನು ಪಾತ್ರೆಗೆ ಮುಟ್ಟಿಸಬೇಡಿ.

ಗಡಸು ನೀರಿನ ಕಲೆಗೆ: ನಲ್ಲಿ, ಬಕೆಟ್, ವುಝೂವಿನ ಲೋಟಾಗಳಿಗೆ ಸಿರ್ಕಾ ಅಥವಾ ಹಿಂಡಿದ ನಿಂಬೆ ಹೋಳಿನಿಂದ ಉಜ್ಜಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಕಡಪ ಕಲ್ಲು, ಅಮೃತಶಿಲೆಯ ನೆಲಕ್ಕೆ ಹುಳಿ ತಾಗಿದರೆ ಅದರ ಮೈಯೇ ತಿಂದುಹೋಗುತ್ತದೆ. ಅಲ್ಲಿಗೆ ಬರಿಯ ನೀರೇ ಒಳ್ಳೆಯದು.

ರೇಷ್ಮೆ, ಉಣ್ಣೆಗೆ: ಬೀಜ ತೆಗೆದ ಒಂದು ಹಿಡಿ ಅಂಟುವಾಳವನ್ನು ರಾತ್ರಿ ನೆನೆಹಾಕಿ ಕಿವುಚಿ ಸೋಸಿದರೆ ನೊರೆ ಸಿದ್ಧ. ಕಣ್ಣಿಗೆ ತಾಗದಂತೆ ನೋಡಿಕೊಳ್ಳಿರಿ.

ಅಕ್ಕಿ, ಬಟ್ಟೆಗೆ: ನೆರಳಿನಲ್ಲಿ ಚೆನ್ನಾಗಿ ಒಣಗಿಸಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಇಡಿರಿ. ಹಾಸಿಗೆಗೆ ಬಿಸಿಲಿಗಿಂತ ಮಿಗಿಲಾದ ಮದ್ದಿಲ್ಲ.

ಒಂದು ಎಚ್ಚರಿಕೆ ಪ್ರಾಣಕ್ಕೆ ಸಂಬಂಧಿಸಿದ್ದು. ಬ್ಲೀಚಿಂಗ್ ಪೌಡರಿಗೆ ಸಿರ್ಕಾ, ನಿಂಬೆ, ಆಸಿಡ್ ಯಾವುದನ್ನೂ ಬೆರೆಸಬಾರದು. ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಪ್ರಾಣಾಪಾಯ. ತನಗೂ ಹಾನಿ ಮಾಡಿಕೊಳ್ಳಬಾರದು, ಇತರರಿಗೂ ಹಾನಿ ಮಾಡಬಾರದು ಎಂಬ ಇಸ್ಲಾಮಿನ ಮೂಲತತ್ವ ಬಚ್ಚಲುಮನೆಗೂ ಅನ್ವಯಿಸುತ್ತದೆ. ಸೋಡಾಕ್ಕೆ ಸಿರ್ಕಾ ಸುರಿದರೆ ಅಪಾಯವಿಲ್ಲ. ಆದರೆ ನೊರೆಯೆದ್ದು ಒಂದರ ಶಕ್ತಿಯನ್ನು ಇನ್ನೊಂದು ನುಂಗಿ ಎರಡೂ ವ್ಯರ್ಥವಾಗುತ್ತವೆ. ವ್ಯರ್ಥ ಮಾಡುವುದೂ ನಮಗೆ ವಿಹಿತವಲ್ಲ.

ಸುವಾಸನೆ ಬಂದ ಮಾತ್ರಕ್ಕೆ ಜಾಗ ಶುದ್ಧವಾಗದು ಎಂಬುದೂ ನೆನಪಿರಲಿ. ಮಗು ಚಾಪೆಯ ಮೇಲೆ ಮೂತ್ರ ಮಾಡಿದರೆ ಅದನ್ನು ನೀರಿನಿಂದ ತೊಳೆದು ತೆಗೆಯಬೇಕು. ಗ್ರಾಮೀಣನೊಬ್ಬ ಮದೀನಾದ ಮಸೀದಿಯಲ್ಲೇ ಮೂತ್ರ ಮಾಡಿದಾಗ ಸಹಾಬಿಗಳು ಗದರಿಸಹೊರಟರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಅಲ್ಲಿಗೆ ಒಂದು ಬಕೆಟ್ಟಿನಷ್ಟು ನೀರು ಸುರಿಸಿ, ಆತನಿಗೆ ಮೃದುವಾಗಿ ತಿಳಿಹೇಳಿದರು. ಒಂದು ಕಲೆಗಾಗಿ ಸೊಸೆಯ ಮೇಲೆ, ಕೆಲಸದಾಕೆಯ ಮೇಲೆ, ಪುಟ್ಟ ಮಗುವಿನ ಮೇಲೆ ಕಿರುಚಾಡುವವರು ಈ ಘಟನೆಯನ್ನು ಮತ್ತೊಮ್ಮೆ ಓದಲಿ. ಚಾಪೆಯ ಕಲೆ ನೀರಿನಿಂದ ಹೋಗುತ್ತದೆ, ಮನಸ್ಸಿಗೆ ಅಂಟಿದ ಮಾತು ಅಷ್ಟು ಸುಲಭವಾಗಿ ಹೋಗದು.

ದುಡಿಯುವ ಕೈ ಯಾರದು?

ಮನೆಯ ಶುಚಿತ್ವದ ಭಾರವನ್ನು ಒಬ್ಬಳ ಹೆಗಲಿಗೆ ಹೊರಿಸುವುದೂ ಕೊಳೆಯನ್ನು ಇನ್ನೊಬ್ಬರಿಗೆ ದಾಟಿಸುವ ಒಂದು ರೀತಿಯೇ. ಕೆ.ಜಿ.ಎಫ್. ಮತ್ತು ಬಂಗಾರಪೇಟೆಯಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರಲ್ಲಿ ನಮ್ಮ ಸಹೋದರಿಯರೂ ಇದ್ದಾರೆ. ರಾತ್ರಿ ಮರಳಿದಾಗ ಅವರಿಗಾಗಿ ಕಾದಿರುವುದು ಎಂಜಲು ಪಾತ್ರೆಗಳ ರಾಶಿ. ಸಹೋದರರೇ, ಈ ಸಾಲುಗಳು ನಿಮಗೂ ಸಲ್ಲುತ್ತವೆ. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಅವರು ಮನೆಯವರ ಸೇವೆಯಲ್ಲಿ ತೊಡಗಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಬೀಸುಕಲ್ಲಿನಿಂದ ಕೈ ನೊಂದು ಸೇವಕರನ್ನು ಬಯಸಿ ಬಂದ ಮಗಳು ಹ. ಫಾತಿಮಾರಿಗೆ(ರ) ಪ್ರವಾದಿವರ್ಯರು(ಸ) ಮಲಗುವ ಮುನ್ನ ಹೇಳಬೇಕಾದ ತಸ್ಬೀಹ್ ಕಲಿಸಿದರು. ಆಗ ಅವರು ಕುಳಿತದ್ದು ಮಗಳು ಅಳಿಯಂದಿರ ನಡುವೆ, ಇಬ್ಬರಿಗೂ ಒಟ್ಟಿಗೆ ಕಲಿಸಿದರು. ಪತ್ನಿಗೆ ತಸ್ಬೀಹ್‌ನ ಉಪದೇಶ ಮಾಡಿ ಪಾತ್ರೆಯನ್ನು ಅವಳಿಗೇ ಬಿಟ್ಟು ಮಲಗುವವರು ಅರ್ಧ ಹದೀಸನ್ನಷ್ಟೇ ಓದಿದ್ದಾರೆ.

ಹೊಸ್ತಿಲಾಚೆಯ ಮನುಷ್ಯ

ಇನ್ನು ಹೊಸ್ತಿಲು ದಾಟಿದ ಕೊಳೆಯ ವಿಷಯ. ಇದೇ ಚಿನ್ನದ ಊರಿನಲ್ಲಿ ತಲೆಮಾರುಗಳ ಕಾಲ ಒಣ ಪಾಯಿಖಾನೆಗಳ ಮಲವನ್ನು ಮನುಷ್ಯರು ಕೈಯಿಂದ ಎತ್ತಿ ಬಕೆಟ್ಟಿನಲ್ಲಿ ಹೊತ್ತರು. ಅಂತಹ ಒಂದು ಕುಟುಂಬದಲ್ಲಿ 1966ರಲ್ಲಿ ಕೆ.ಜಿ.ಎಫ್.ನಲ್ಲೇ ಜನಿಸಿದ ಬೆಜವಾಡ ವಿಲ್ಸನ್ ಈ ಪದ್ಧತಿಯ ವಿರುದ್ಧ ದೇಶವ್ಯಾಪಿ ಹೋರಾಟ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಹೊರುವ ಪದ್ಧತಿಯನ್ನು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿ ಕಾನೂನು ನಿಷೇಧಿಸಿತು. ಆದರೂ ಮಲದ ಗುಂಡಿಗಿಳಿದು ಉಸಿರುಗಟ್ಟಿ ಸಾಯುವವರ ಸುದ್ದಿ ದೇಶದಲ್ಲಿ ನಿಂತಿಲ್ಲ. ಮನೆಯೊಳಗೆ ಅತ್ತರಿನ ಪರಿಮಳವಿಟ್ಟುಕೊಂಡು, ಹಿತ್ತಲ ಗುಂಡಿಗೆ ಒಬ್ಬ ಬಡವನನ್ನು ನೂರಾರು ರೂಪಾಯಿಯ ಆಸೆ ತೋರಿಸಿ ಇಳಿಸಿದರೆ, ಆ ಮನೆಯ ಶುಚಿತ್ವದ ಕುರಿತು ನಾಳೆ ಪರಲೋಕದಲ್ಲಿ ಏನೆಂದು ಉತ್ತರಿಸುವೆವು?

ಮಸೀದಿ ಗುಡಿಸುತ್ತಿದ್ದ ಒಬ್ಬ ಕಪ್ಪು ವರ್ಣದ ಮಹಿಳೆ ಮದೀನಾದಲ್ಲಿದ್ದರು. ಅವರು ತೀರಿಕೊಂಡಾಗ, ಅದು ಅಷ್ಟು ದೊಡ್ಡ ಸಂಗತಿಯಲ್ಲವೆಂದು ಭಾವಿಸಿ ಜನ ಪ್ರವಾದಿವರ್ಯರಿಗೆ(ಸ) ತಿಳಿಸದೆಯೇ ದಫನ ಮಾಡಿದರು. ಆಕೆ ಕಾಣಿಸುತ್ತಿಲ್ಲವೆಂದು ಪ್ರವಾದಿವರ್ಯರೇ(ಸ) ವಿಚಾರಿಸಿದರು. ವಿಷಯ ತಿಳಿದಾಗ ಆಕೆಯ ಗೋರಿಯ ಬಳಿಗೆ ಹೋಗಿ ಜನಾಝಾ ನಮಾಝ್ ನಿರ್ವಹಿಸಿದರು. ಕಸ ಗುಡಿಸುವ ಕೈಗೆ ಇದಕ್ಕಿಂತ ದೊಡ್ಡ ಗೌರವ ಇನ್ನೇನು ಬೇಕು? ನಮ್ಮ ಬೀದಿಯ ಕಸ ಒಯ್ಯುವಾಕೆ ನಾಲ್ಕು ದಿನ ಬರದಿದ್ದರೆ ನಾವು ವಿಚಾರಿಸುವುದು ಅವಳನ್ನೋ, ನಮ್ಮ ಕಸವನ್ನೋ?

ಹಸಿ ಕಸ, ಒಣ ಕಸವನ್ನು ಬೇರೆ ಬೇರೆ ಇಡಿರಿ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ, ಗಾಜೆಂದು ಹೇಳಿ ಕೊಡಿರಿ. ಮಕ್ಕಳ ಡೈಪರು, ಪ್ಯಾಡುಗಳನ್ನು ತೆರೆದು ಎಸೆಯಬೇಡಿ. ಗುಂಡಿ ತುಂಬಿದರೆ ಯಂತ್ರವನ್ನೇ ಕರೆಸಿರಿ, ಹಣ ಹೆಚ್ಚಾದರೂ ಸರಿ. ಕಸ ಒಯ್ಯುವವರು ಬಾಯಾರಿ ಬಂದರೆ ನೀವು ಕುಡಿಯುವ ಲೋಟದಲ್ಲೇ ನೀರು ಕೊಡಿರಿ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಶಾಖೆಯಾದರೆ, ದಾರಿಗೆ ತೊಂದರೆಯ ವಸ್ತುವನ್ನು ಎಸೆಯುವುದು ಏನಾದೀತೆಂದು ನೀವೇ ಯೋಚಿಸಿರಿ.

ಸಹೋದರಿಯರೇ, ನಾಳೆ ಬೆಳಗ್ಗೆ ಬಿಸ್ಮಿಲ್ಲಾಹ್ ಎಂದು ಪೊರಕೆ ಎತ್ತಿಕೊಳ್ಳುವಾಗ ಮೂರು ಸಂಗತಿಗಳು ನೆನಪಿರಲಿ: ನೀರು ಮಿತವಾಗಿರಲಿ, ಸಾಮಗ್ರಿ ಹಾನಿಯಿಲ್ಲದ್ದಾಗಿರಲಿ, ಹೊರಹೋಗುವ ಕೊಳೆ ಯಾರಿಗೂ ಶಾಪವಾಗದಿರಲಿ. ಪಶ್ಚಾತ್ತಾಪ ಪಡುವವರನ್ನೂ ಶುದ್ಧರಾಗಿರುವವರನ್ನೂ ಅಲ್ಲಾಹನು ಪ್ರೀತಿಸುತ್ತಾನೆಂದು ಪವಿತ್ರ ಕುರ್‌ಆನ್ ಸಾರಿದೆ. ಅವನು ನಮ್ಮ ಮನೆಗಳನ್ನೂ ಮನಸ್ಸುಗಳನ್ನೂ ಶುದ್ಧಗೊಳಿಸಲಿ, ನಮ್ಮ ಶುಚಿತ್ವವನ್ನು ನೆರೆಯವರಿಗೆ ಅನುಗ್ರಹವಾಗಿಸಲಿ. ಆಮೀನ್.