ಮುಚ್ಚಿದ ಗುಂಡಿಯ ಮೇಲಣ ಮನೆ



ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮ್ಯವು ನಮ್ಮೆಲ್ಲರಿಗೂ ಬಾಯಿಪಾಠವಾಗಿರುತ್ತದೆ. ಆದರೆ ಮತ್ತಾಯನು ಹೇಳದಿರುವ ಒಂದು ಸಂಗತಿಯನ್ನು ಲೂಕನು ತನ್ನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಕೂಡಿಸಿದ್ದಾನೆ: ಆ ಮನುಷ್ಯನು ಮೊದಲು ಆಳವಾಗಿ ಅಗೆದನು. ಮೇಲಣ ನೆಲವನ್ನು ಕಂಡಷ್ಟಕ್ಕೇ ನಂಬಿದವನಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ನಮ್ಮ ಸಭೆಗಳವರು ನಿವೇಶನ ಕೊಳ್ಳುವಾಗ ಇದನ್ನು ಮರೆಯಬಾರದು. ಯಾಕಂದರೆ ಬಂಡೆಯೆಂದು ನಂಬಿದ್ದೂ ಒಳಗೆ ಟೊಳ್ಳಾಗಿರಬಹುದು. ನಮ್ಮ ನಾಡಿನ ಕೋಲಾರದ ಚಿನ್ನದ ಗಣಿಗಳೇ ಇದಕ್ಕೆ ಸಾಕ್ಷಿ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಅಲ್ಲಿ ಕೆಲಸಕ್ಕೆ ಕೈಹಾಕಿದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವಷ್ಟರಲ್ಲಿ ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಅಲ್ಲಿಯ ಕಲ್ಲು ಬಹು ಗಟ್ಟಿಯಾದದ್ದು. ಆದರೂ ಅದಿರನ್ನು ತೆಗೆದ ಮೇಲೆ ಉಳಿದ ಕಲ್ಲೇ ಮೇಲಣ ಭಾರವನ್ನೆಲ್ಲಾ ಹೊರಬೇಕಾಯಿತು. ತಾಳಲಾರದೆ ಒಮ್ಮೆಲೇ ಸಿಡಿಯುತ್ತಿತ್ತು. ಇದನ್ನು ಶಿಲಾಸ್ಫೋಟವೆನ್ನುವರು. ಒಳಗೆ ಕೂಲಿಯಾಳುಗಳು ಸತ್ತರು. ಮೇಲೆ ನೆಲ ನಡುಗಿ ಕಟ್ಟಡಗಳು ಬಿರುಕುಬಿಟ್ಟವು. ಗಣಿ ಮುಚ್ಚಿ ಒಳಗೆ ನೀರು ತುಂಬಿಕೊಂಡ ತರುವಾಯವೂ ಆ ನಡುಕವು ನಿಂತುಹೋಗಲಿಲ್ಲ.

ನಮ್ಮ ಸೀಮೆಯಲ್ಲಿ ಅಂಥ ಆಳದ ಗಣಿಗಳಿಲ್ಲ. ಆದರೆ ಕಲ್ಲು ಒಡೆದ ಗುಂಡಿಗಳೂ ಇಟ್ಟಿಗೆಗೆ ಮಣ್ಣು ತೆಗೆದ ಹೊಂಡಗಳೂ ಉಂಟಷ್ಟೆ. ಅವುಗಳಿಗೆ ಕಸವನ್ನೂ ಹಳೇ ಗೋಡೆಯ ಮಣ್ಣನ್ನೂ ಸುರಿದು, ಸಮಮಾಡಿ, ಮೂಲೆಗೊಂದು ಕಲ್ಲು ನೆಟ್ಟು ಮಾರುವವರು ಎಲ್ಲಿಯೂ ಇರುತ್ತಾರೆ. ತುಂಬಿದ ಮಣ್ಣು ಮಳೆಗಾಲಗಳು ಕಳೆದಂತೆ ಕುಸಿಯುವದು. ಮನೆಯ ಒಂದು ಮೂಲೆ ಗಟ್ಟಿ ನೆಲದ ಮೇಲೆಯೂ ಇನ್ನೊಂದು ಹೊಂಡದ ಮೇಲೆಯೂ ನಿಂತರೆ ಗೋಡೆಯು ಓರೆಯಾಗಿ ಸೀಳುವದು, ಬಾಗಿಲು ಚೌಕಟ್ಟಿಗೆ ಕೂಡದು. ಕಟ್ಟಿದವನಾದರೋ ಬಿರುಕಿನ ಮನೆಗೆ ಸಾಲ ತೀರಿಸುತ್ತಲೇ ಇರುವನು.

ಆದಕಾರಣ ಮುಂಗಡ ಕೊಡುವದಕ್ಕೆ ಮುಂಚೆ ಆ ಸ್ಥಳದಲ್ಲಿ ದನ ಕಾಯ್ದ ಮುದುಕರನ್ನು ಕೇಳಿರಿ. ಮಳೆನೀರು ಎಲ್ಲಿ ನಿಲ್ಲುತ್ತಿತ್ತೆಂದು ಅವರು ಬಲ್ಲರು. ಎರಡು ಮೂರು ಕಡೆ ಅಗೆಸಿ, ಯಾರೂ ಕದಲಿಸದ ನೆಲವು ಸಿಕ್ಕುವ ತನಕ ನೋಡಿರಿ. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಶಾಸ್ತ್ರ ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನೆಲದ ಕೆಳಗೆ ಏನಿದೆಯೆಂದು ಕೇಳುವವರು ಕಡಮೆ.

ಮಾರುವವರಿಗೂ ಒಂದು ಮಾತುಂಟು. ಗುಂಡಿಯನ್ನು ತೋಡಿ ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದು ಸತ್ತ ಎತ್ತಿಗೆ ಬೆಲೆ ತೆರತಕ್ಕದ್ದೆಂದು ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ವಿಧಿಯಿರುತ್ತದೆ. ಅಲ್ಲಿ ಮುಚ್ಚದೆ ಬಿಟ್ಟದ್ದು ತಪ್ಪು. ಇಲ್ಲಿ ಮುಚ್ಚಿ ಹೇಳದೆ ಇರುವದೇ ತಪ್ಪು. ತೆರೆದ ಗುಂಡಿಯನ್ನು ಕಂಡರೆ ಎತ್ತಾದರೂ ಹಿಂದಕ್ಕೆ ಸರಿದೀತು. ಮುಚ್ಚಿದ್ದನ್ನು ಕೊಳ್ಳುವ ಬಡ ವಿಧವೆಗೆ ಅದು ಹೇಗೆ ಕಂಡೀತು? ಸಭೆಯವನೊಬ್ಬನು ಇಂಥ ನೆಲವನ್ನು ಮಾರುವದಾದರೆ ಹೊಂಡವಿದ್ದ ಜಾಗವನ್ನು ಕ್ರಯಪತ್ರದಲ್ಲಿಯೇ ಬರೆಯಿಸಲಿ. ಬೆಲೆ ಇಳಿಯುವದು ನಿಜ. ಆ ಜಾಗದಲ್ಲಿ ಮರ ನೆಡಬಹುದು, ಹುಲ್ಲಿನ ಬಣವೆ ಒಟ್ಟಬಹುದು. ಮಕ್ಕಳು ಮಲಗುವ ಕೋಣೆಯನ್ನು ಮಾತ್ರ ಕಟ್ಟತಕ್ಕದ್ದಲ್ಲ.