ಬೆನ್ಯಾಮೀನನ ಚೀಲದಲ್ಲಿ ಸಿಕ್ಕಿದ್ದು

ಪ್ರಿಯ ಯೌವನಸ್ಥರೇ, ಈ ಮಾತು ಇಲ್ಲಿ ಬೊಬ್ರುವಾಡದಲ್ಲಿ ಕೂತು ಕೇಳುವವರಿಗೂ, ಬೆಂಗಳೂರು, ಹುಬ್ಬಳ್ಳಿ, ಗೋವಾದ ರೂಮುಗಳಲ್ಲಿ ಕೂತು ಇದನ್ನು ಓದುವವರಿಗೂ.

ಆದಿಕಾಂಡ 44ನೇ ಅಧ್ಯಾಯ ತೆಗೆಯಿರಿ. ಐಗುಪ್ತದಿಂದ ಧಾನ್ಯ ತಗೊಂಡು ಹನ್ನೊಂದು ಜನ ಅಣ್ಣತಮ್ಮಂದಿರು ಊರಿಗೆ ಹೊರಟಿದ್ದಾರೆ. ದಾರಿಯಲ್ಲಿ ಯೋಸೇಫನ ಮನೆವಾರ್ತೆಯವನು ಬಂದು ತಡೆಯುತ್ತಾನೆ. ನನ್ನ ಒಡೆಯನ ಬೆಳ್ಳಿ ಪಾನಪಾತ್ರೆ ಕದ್ದಿದ್ದೀರಿ ಅನ್ನುತ್ತಾನೆ. ಅಣ್ಣಂದಿರಿಗೆ ಎಂಥ ಧೈರ್ಯ ನೋಡಿ. 9ನೇ ವಚನದಲ್ಲಿ, ಚೀಲ ಬಿಚ್ಚುವ ಮೊದಲೇ, ಯಾರ ಹತ್ತಿರ ಅದು ಸಿಗುತ್ತದೋ ಅವನು ಸಾಯಲಿ ಎಂದು ಅವರೇ ತೀರ್ಪು ಕೊಟ್ಟುಬಿಟ್ಟರು! ಆಮೇಲೆ ದೊಡ್ಡವನಿಂದ ಶುರುಮಾಡಿ ಒಬ್ಬೊಬ್ಬರ ಚೀಲ ಹುಡುಕಿದರು. ಪಾತ್ರೆ ಸಿಕ್ಕಿದ್ದು ಎಲ್ಲರಿಗಿಂತ ಚಿಕ್ಕವನ ಚೀಲದಲ್ಲಿ. ಅವನು ಕದ್ದಿರಲಿಲ್ಲ. ಅದು ತನ್ನ ಚೀಲದಲ್ಲಿದೆ ಎಂದು ಅವನಿಗೆ ಗೊತ್ತೂ ಇರಲಿಲ್ಲ. ಆದರೆ ಚೀಲ ಅವನದ್ದು. ಪಾತ್ರೆ ಅದರೊಳಗಿತ್ತು.

ಇವತ್ತು ಈ ಭಾಗ ಯಾಕೆ ಆರಿಸಿದೆ ಅಂದರೆ, ನಮ್ಮ ನಡುವೆಯೂ ಒಂದು ಮನೆಯ ಹುಡುಗನ ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತು ಅಂತ ಕೇಸಾಗಿದೆ. ಹೆಸರು ಹೇಳುವುದಿಲ್ಲ. ಅವನ ಅಮ್ಮ ಮೂರು ಭಾನುವಾರದಿಂದ ಆರಾಧನೆಗೆ ಬಂದಿಲ್ಲ. ಮನೆಗೆ ಹೋದಾಗ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ಪಾಸ್ಟರ್, ಸಭೆಯವರು ಎಂತ ಹೇಳ್ತಾರೆ?" ಕೋರ್ಟು ಎಂತ ಹೇಳುತ್ತದೆ ಅಂತಲ್ಲ, ಸಭೆಯವರು ಎಂತ ಹೇಳ್ತಾರೆ ಅಂತ. ಅವರಿಗೆ ಹೆಚ್ಚು ಹೆದರಿಕೆ ಇರುವುದು ನಮ್ಮದೇ.

ಮೊದಲು ಕಾನೂನು ಸ್ವಲ್ಪ ತಿಳಿಯೋಣ. ನೀವು ಇಂಗ್ಲಿಷ್ ಸಿನಿಮಾಗಳಲ್ಲಿ ಕೋರ್ಟಿನ ಬದಿಯಲ್ಲಿ ಹನ್ನೆರಡು ಜನ ಕೂತಿರುವುದನ್ನು ನೋಡಿರುತ್ತೀರಿ. ಅದೇ ಜ್ಯೂರಿ. ಸಾಮಾನ್ಯ ಜನರೇ ತಪ್ಪಿತಸ್ಥ ಹೌದೋ ಅಲ್ಲವೋ ಹೇಳುತ್ತಾರೆ. 2010ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಮಿಸೌಲಾದಲ್ಲಿ ಸ್ವಲ್ಪ ಗಾಂಜಾ ಇಟ್ಟುಕೊಂಡಿದ್ದ ಕೇಸಿಗೆ ಜ್ಯೂರಿ ಆರಿಸಲು ಜನರನ್ನು ಕರೆದಾಗ, ಇಷ್ಟಕ್ಕೆಲ್ಲ ನಾವು ಶಿಕ್ಷೆ ಕೊಡುವುದಿಲ್ಲ ಎಂದು ಹಲವರು ಹೇಳಿಬಿಟ್ಟರು. ಕೊನೆಗೆ ಕೇಸು ರಾಜಿಯಲ್ಲಿ ಮುಗಿಯಿತು.

ನಮ್ಮ ದೇಶದಲ್ಲೂ ಜ್ಯೂರಿ ಇತ್ತು. 1959ರಲ್ಲಿ ಬಾಂಬೆಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯವರ ಕೊಲೆ ಕೇಸಿನಲ್ಲಿ ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಜನ ತಪ್ಪಿಲ್ಲ ಅಂದರು. ಹೊರಗೆ ಪತ್ರಿಕೆಗಳೂ ಜನರೂ ಅವರ ಪರವಾಗಿದ್ದರು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಹಾಗಾಗಿ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂದಾಗಿನಿಂದ ಈ ಕೇಸುಗಳನ್ನು ತೀರ್ಮಾನಿಸುವವರು ನ್ಯಾಯಾಧೀಶರು ಮಾತ್ರ.

ಈ ಕಾಯ್ದೆ ತಮಾಷೆಯಲ್ಲ. ಗಾಂಜಾ 1 ಕಿಲೋವರೆಗೆ ಇದ್ದರೆ ಅದು ಸಣ್ಣ ಪ್ರಮಾಣ: 1 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕಿಲೋ ದಾಟಿದರೆ ಕಡಿಮೆ ಅಂದರೆ 10 ವರ್ಷ, ಹೆಚ್ಚೆಂದರೆ 20 ವರ್ಷ. ನಡುವೆ ಇದ್ದರೆ 10 ವರ್ಷದವರೆಗೆ. ಎಂಡಿಎಂಎ ಅನ್ನುವ ಪುಡಿಯಾದರೆ ಸಣ್ಣ ಪ್ರಮಾಣ ಅರ್ಧ ಗ್ರಾಂ ಅಷ್ಟೇ. 10 ಗ್ರಾಂ ದಾಟಿದರೆ ಅದೇ 10ರಿಂದ 20 ವರ್ಷ. ಇನ್ನೊಂದು ಗಮನಿಸಿ. ಮಾಲು ನಿನ್ನ ವಶದಲ್ಲಿತ್ತು ಎಂದು ಸರ್ಕಾರದ ಕಡೆಯವರು ಮೊದಲು ತೋರಿಸಬೇಕು. ಅದನ್ನು ತೋರಿಸಿದ ಮೇಲೆ, ನಿನಗೆ ಅದು ಗೊತ್ತಿತ್ತು ಎಂದೇ ಕೋರ್ಟು ಭಾವಿಸುತ್ತದೆ. ಗೊತ್ತಿರಲಿಲ್ಲ ಎಂದು ನೀನೇ ಸಾಬೀತು ಮಾಡಬೇಕು. ಬೆನ್ಯಾಮೀನನ ಕಷ್ಟ ಈಗ ಅರ್ಥವಾಯಿತಲ್ಲ? ಆದ್ದರಿಂದ ತಮ್ಮಂದಿರೇ, ತಂಗಿಯರೇ, ಫ್ರೆಂಡ್ ಕೊಟ್ಟ ಪಾರ್ಸೆಲ್ ಅಂತ ಒಳಗೆ ಏನಿದೆ ನೋಡದೆ ಬಸ್ಸು ಹತ್ತಬೇಡಿ. ರೂಮ್‌ಮೇಟ್ ತಂದಿಟ್ಟಿದ್ದು ಗೊತ್ತಿದ್ದರೆ ಸುಮ್ಮನಿರಬೇಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೋರ್ಟಿನಿಂದ ಜ್ಯೂರಿ ಹೋಯಿತು. ಆದರೆ ಸಭೆಯಿಂದ ಹೋಗಿದೆಯಾ? ಪೊಲೀಸರು ಎಫ್‌ಐಆರ್ ಬರೆದ ಸಂಜೆಯೇ ವಾಟ್ಸಾಪ್ ಗುಂಪಿನಲ್ಲಿ ನಮ್ಮ ತೀರ್ಪು ಬಂದಿರುತ್ತದೆ. ಅವನು ಮೊದಲಿಂದಲೂ ಹಾಗೇ, ಆ ಮನೆಯಲ್ಲಿ ಪ್ರಾರ್ಥನೆ ಇರಲಿಲ್ಲ, ಅಂತ. ಕೋರ್ಟಿನಲ್ಲಿ ನ್ಯಾಯಾಧೀಶರು ಸಾಕ್ಷಿ ಕೇಳಬೇಕು, ಆರೋಪಿಯ ಮಾತು ಕೇಳಬೇಕು, ತೀರ್ಪಿಗೆ ಕಾರಣ ಬರೆಯಬೇಕು. ತಪ್ಪಿದ್ದರೆ ಮೇಲಿನ ಕೋರ್ಟು ತಿದ್ದುತ್ತದೆ. ನಮ್ಮ ಜ್ಯೂರಿಗೆ ಸಾಕ್ಷಿಯೂ ಬೇಡ, ಕಾರಣವೂ ಬೇಡ, ಅಪೀಲೂ ಇಲ್ಲ. ಯೋಹಾನ 7ನೇ ಅಧ್ಯಾಯದಲ್ಲಿ ನಿಕೊದೇಮನು ಎಲ್ಲರೆದುರು ಕೇಳಿದ್ದು ಇದನ್ನೇ: ಒಬ್ಬನ ಮಾತು ಕೇಳದೆ ಅವನಿಗೆ ತೀರ್ಪು ಕೊಡಲು ನಮ್ಮ ಧರ್ಮಶಾಸ್ತ್ರ ಬಿಡುತ್ತದೆಯೇ?

ಹಾಗಾದರೆ ನಮಗೆ ಕೋರ್ಟಿನಲ್ಲಿ ಜಾಗವೇ ಇಲ್ಲವಾ? ಇದೆ. ಜಾಮೀನುದಾರನ ಜಾಗ!

ಆದಿಕಾಂಡ 37ಕ್ಕೆ ಹೋಗಿ. ಯೋಸೇಫನನ್ನು ಗುಂಡಿಗೆ ಹಾಕಿ ಅಣ್ಣಂದಿರು ಊಟಕ್ಕೆ ಕೂತರು. ಅಲ್ಲಿ ಅವರು ಜ್ಯೂರಿ. ಇವನನ್ನು ಮಾರಿಬಿಡೋಣ ಎಂದು ಸಲಹೆ ಕೊಟ್ಟವನು ಯಾರು? ಯೆಹೂದ. ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದರು. ಈಗ ಮತ್ತೆ 44ಕ್ಕೆ ಬನ್ನಿ. ಪಾತ್ರೆ ಸಿಕ್ಕಿದ ಮೇಲೆ ಬೆನ್ಯಾಮೀನನನ್ನು ಬಿಟ್ಟು ಉಳಿದವರು ಹೋಗಬಹುದಿತ್ತು. ಹೋಗಲಿಲ್ಲ. ಬಟ್ಟೆ ಹರಕೊಂಡು ಹನ್ನೊಂದು ಜನರೂ ಪಟ್ಟಣಕ್ಕೆ ತಿರುಗಿ ಬಂದರು. ಅದೇ ಯೆಹೂದ ಮುಂದೆ ಬಂದು, ತಂದೆಯ ಹತ್ತಿರ ಈ ಹುಡುಗನಿಗೆ ನಾನು ಹೊಣೆಯಾಗಿದ್ದೇನೆ, ಅವನ ಬದಲು ನನ್ನನ್ನು ಇಟ್ಟುಕೊಳ್ಳಿ ಅಂದ. ಗಮನಿಸಿ, ಬೆನ್ಯಾಮೀನ ನಿರಪರಾಧಿ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಹೊಣೆಯಾದ. ಹಲ್ಲೆಲೂಯಾ!

ಕೆಲವರು ಕೇಳುತ್ತಾರೆ, ಪಾಸ್ಟರ್, ಅವನು ನಿಜವಾಗಿ ಮಾಡಿದ್ದರೆ? ಜಾಮೀನು ಅಂದರೆ ಅವನು ಮಾಡಿಲ್ಲ ಎಂಬ ಸಾಕ್ಷಿ ಅಲ್ಲ. ಕರೆದ ದಿನ ಇವನು ಕೋರ್ಟಿಗೆ ಬರುತ್ತಾನೆ, ಅದಕ್ಕೆ ನಾನು ಹೊಣೆ ಅನ್ನುವ ಮಾತು. ಅದಕ್ಕೆ ಪಹಣಿ ಬೇಕು, ಆಧಾರ್ ಬೇಕು, ಒಂದು ದಿನದ ಕೆಲಸ ಬಿಟ್ಟು ಕಾರವಾರದ ಬಸ್ಸು ಹತ್ತಬೇಕು. ತಪ್ಪು ಮುಚ್ಚಿಹಾಕಿ ಅಂತ ನಾನು ಹೇಳುತ್ತಿಲ್ಲ. ಸುಳ್ಳು ಸಾಕ್ಷಿ ಹೇಳುವ ಸಭೆ ದೇವರ ಸಭೆಯಲ್ಲ. ಮಾಡಿದ್ದರೆ ಒಪ್ಪಿಕೊಳ್ಳಲಿ, ಶಿಕ್ಷೆ ಬಂದರೆ ಅನುಭವಿಸಲಿ. ಆದರೆ ಒಬ್ಬಂಟಿಯಾಗಿ ಅಲ್ಲ.

ಚಟಕ್ಕೆ ಸಿಕ್ಕಿದವರಿಗೆ ಇದೇ ಕಾಯ್ದೆಯಲ್ಲಿ ಒಂದು ಬಾಗಿಲಿದೆ, 64ಎ ಕಲಂ. ಸೇವನೆಯ ಕೇಸು ಅಥವಾ ಸಣ್ಣ ಪ್ರಮಾಣದ ಕೇಸು ಇರುವ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಅರ್ಧಕ್ಕೆ ಬಿಡದ ಹಾಗೆ ನೋಡಿಕೊಳ್ಳುವವರು ಯಾರು? ನಾವು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸೋಣ, ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕರಕೊಂಡೂ ಹೋಗೋಣ. ಯಾರಿಗೂ ಹೇಳಲು ಹೆದರಿಕೆಯಾದರೆ ಸರ್ಕಾರದ ಸಹಾಯವಾಣಿ 14446ಕ್ಕೆ ಕರೆ ಮಾಡಿ. ನನಗೂ ಮಾಡಿ, ರಾತ್ರಿಯಾದರೂ ಪರವಾಗಿಲ್ಲ.

ಕೊನೆಯದಾಗಿ ಇಬ್ರಿಯ 7:22 ಓದಿಕೊಳ್ಳಿ. ಯೇಸು ನಮಗೆ ಹೊಣೆಗಾರನು ಎಂದು ಅಲ್ಲಿದೆ. ನಮ್ಮ ಚೀಲದಲ್ಲಿದ್ದದ್ದು ಆತನಿಗೆ ಪೂರ್ತಿ ಗೊತ್ತಿತ್ತು. ಗೊತ್ತಿದ್ದೇ ಹೊಣೆಯಾದ. ಆತನು ಹುಟ್ಟಿದ್ದು ಯಾವ ಕುಲದಲ್ಲಿ? ಯೆಹೂದನ ಕುಲದಲ್ಲಿ. ಆಮೆನ್.

ಈ ವಾರ ಆ ಅಮ್ಮನ ಮನೆಗೆ ಹೋಗುವವರು ಕೂಟ ಮುಗಿದ ಮೇಲೆ ನಿಲ್ಲಿ. ಪಹಣಿ ಇರುವ ಹಿರಿಯರು ಇಬ್ಬರು ಬೇಕು. ಬನ್ನಿ, ಎದ್ದು ನಿಂತು ಪ್ರಾರ್ಥಿಸೋಣ.