ಹುಣ್ಣಿಗೆ ಸೂತಕವಿಲ್ಲ

ಲಿಂಗಧಾರಿಯಾದ ಭಕ್ತನಿಗೆ ಅಂಗವು ತಿರಸ್ಕಾರಕ್ಕೆ ಯೋಗ್ಯವಾದುದಲ್ಲ. ಅದು ಲಿಂಗದ ನೆಲೆ. ಈ ತತ್ತ್ವವನ್ನು ಎಲ್ಲರೂ ಬಲ್ಲರು. ಆದರೆ ಆ ಅಂಗದಲ್ಲಿಯೇ ತಿಂಗಳುಗಟ್ಟಲೆ ಮಾಯದ ಹುಣ್ಣೊಂದು ಕಾಣಿಸಿಕೊಂಡಾಗ ಮನೆಯವರ ನಡೆ ಹೇಗಿರುತ್ತದೆ?

ಬಂಗಾರಪೇಟೆಯ ಒಂದು ಮನೆಯನ್ನು ಭಾವಿಸಿರಿ. ಯಜಮಾನರು ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ, ಆ ಸೀಮೆಯ ಅನೇಕರಂತೆ ಬೆಳಗಿನ ರೈಲನ್ನೇರಿ ಬೆಂಗಳೂರಿಗೆ ಹೋಗಿ, ದುಡಿದು, ಮಕ್ಕಳನ್ನು ಸಾಕಿದರು. ಈಗ ಮಧುಮೇಹದಿಂದ ಅಂಗಾಲಿನ ಸ್ಪರ್ಶಜ್ಞಾನ ಹೋಗಿದೆ, ಅಲ್ಲೊಂದು ಹುಣ್ಣಾಗಿದೆ. ಅದರ ವಾಸನೆಗೆ ನಾಚಿ ಅವರು ಊಟದ ಪಂಕ್ತಿಯನ್ನು ಬಿಟ್ಟು ಹಿಂದಿನ ಕೋಣೆಗೆ ಸರಿದಿದ್ದಾರೆ. ನೆಂಟರ ಮದುವೆಗೂ ಹೋಗುವುದಿಲ್ಲ. ಕಡೆಗೆ, "ಮೈ ಮೈಲಿಗೆಯಾಯಿತು, ಲಿಂಗವನ್ನು ಹೇಗೆ ಮುಟ್ಟಲಿ?" ಎಂದು ಪೂಜೆಯನ್ನೂ ನಿಲ್ಲಿಸಿದ್ದಾರೆ. ಹುಣ್ಣಿರುವುದು ಒಂದು ರೂಪಾಯಿಯಗಲ. ಅದು ನುಂಗಿದ್ದು ಇಡೀ ಬಾಳನ್ನು.

ಇಂಥವರಿಗೆ ಶರಣಧರ್ಮದ ಉತ್ತರವು ಸ್ಪಷ್ಟವಾಗಿದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗವಂತನಿಗೆ ಇಲ್ಲವೆಂದು ಶರಣರು ಸಾರಿದರು. ಸಾವನ್ನೇ ಸೂತಕವೆನ್ನದ ಧರ್ಮದಲ್ಲಿ ಕಾಲಿನ ಕೀವು ಸೂತಕವಾಗುವುದೆಂತು? ಕೈ ತೊಳೆದು, ಕುಳಿತಲ್ಲಿಯೇ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಳ್ಳಲು ಅವರಿಗೆ ಯಾರ ಅಪ್ಪಣೆಯೂ ಬೇಡ.

ಸೂತಕವಿಲ್ಲವೆಂದರೆ ಶುಚಿತ್ವವೂ ಬೇಡವೆಂದಲ್ಲ. ವೈದ್ಯವನ್ನೇ ಕಾಯಕವಾಗಿ ಕೈಕೊಂಡ ಸಂಗಣ್ಣನವರು ಶರಣರ ಸಾಲಿನಲ್ಲಿಯೇ ಇದ್ದರು. ವೈದ್ಯರ ಮಾತನ್ನು ಪಾಲಿಸುವುದು ಭಕ್ತಿಗೆ ಕುಂದಲ್ಲ. ಬಂಗಾರಪೇಟೆಯಿಂದ ಕಾಟ್ಪಾಡಿಗೆ ರೈಲಿನಲ್ಲಿ ಹೋದರೆ ವೆಲ್ಲೂರು ಹತ್ತಿರ. 1946ರಲ್ಲಿ ಅಲ್ಲಿಯ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳನ್ನು ಆರೈಸುತ್ತ ಒಂದು ಸತ್ಯವನ್ನು ಕಂಡರು. ರೋಗಿಗಳ ಪಾದದ ಹುಣ್ಣು ಮಾಂಸವು ತಾನಾಗಿ ಕೊಳೆತು ಆದುದಲ್ಲ. ನೋವನ್ನರಿಯದ ಪಾದವು ಮತ್ತೆ ಮತ್ತೆ ಒತ್ತಡಕ್ಕೆ ಸಿಕ್ಕಿ ಆದುದು. ಮಧುಮೇಹಿಯ ಮರಗಟ್ಟಿದ ಕಾಲಿಗೂ ಇದೇ ನಿಯಮ. ಆದುದರಿಂದ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು, ದಿನವೂ ಅಂಗಾಲನ್ನು ನೋಡುವುದು, ಹುಣ್ಣಿನ ಮೇಲೆ ಮೈಭಾರ ಬೀಳದಂತೆ ಕಾಯುವುದು, ಬರಿಗಾಲಿನಲ್ಲಿ ನಡೆಯದಿರುವುದು, ಇವು ಮುಲಾಮಿನಷ್ಟೇ ಮುಖ್ಯವಾದ ಚಿಕಿತ್ಸೆ. ವಿಭೂತಿಯ ಸ್ಥಾನ ಹಣೆ. ತೆರೆದ ಗಾಯಕ್ಕೆ ಬೂದಿಯನ್ನಾಗಲಿ ಸೊಪ್ಪಿನ ರಸವನ್ನಾಗಲಿ ಹಾಕಲಾಗದು. ಜ್ವರ ಬಂದರೆ, ಸುತ್ತಲೂ ಕೆಂಪು ಹರಡಿದರೆ, ಬೆರಳು ಕಪ್ಪಾದರೆ, ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ಉಳಿದುದು ಮನೆಯವರ ಪಾಲು. ಮಠದಲ್ಲಿ ಜಂಗಮರಿಗೆ ಉಣಬಡಿಸುವುದು ದಾಸೋಹವಾದರೆ, ಮೂಗು ಮುರಿಯದೆ ಹಿರಿಯರ ಗಾಯವನ್ನು ತೊಳೆದು ಬಟ್ಟೆ ಕಟ್ಟುವುದೂ ದಾಸೋಹವೇ. ಅದು ಸೊಸೆಯೊಬ್ಬಳ ಪಾಲಿಗೇ ಬೀಳಬಾರದು. ಮಗನೂ ಮೊಮ್ಮಗನೂ ಕೈಗೂಡಿಸಬೇಕು. ಕುಳಿತು ಮಾಡಬಹುದಾದ ಕೆಲಸವೊಂದನ್ನು ಹಿರಿಯರಿಗೆ ಒಪ್ಪಿಸಬೇಕು. ಕಾಯಕವಿಲ್ಲದ ಮನಸ್ಸಿಗೆ ಹುಣ್ಣಿನ ಚಿಂತೆಯೊಂದೇ ಉಳಿಯುತ್ತದೆ.

ಎಷ್ಟೋ ಹುಣ್ಣುಗಳು ಮಾಯುತ್ತವೆ. ಕೆಲವು ವರ್ಷಗಟ್ಟಲೆ ಉಳಿಯುತ್ತವೆ. ಮಾಯುವವರೆಗೆ ಹಿರಿಯರು ಹಿಂದಿನ ಕೋಣೆಯಲ್ಲಿ ಕಾಯಬೇಕಾಗಿಲ್ಲ. ಇಂದಿನ ಊಟಕ್ಕೇ ಅವರನ್ನು ಕೈಹಿಡಿದು ಕರೆತಂದು ಪಂಕ್ತಿಯಲ್ಲಿ ಕೂರಿಸಿರಿ. ಅವರು ಲಿಂಗಕ್ಕೆ ಅರ್ಪಿಸಿ ಕೊಂಡ ಪ್ರಸಾದವು ನಿಮ್ಮ ಪ್ರಸಾದಕ್ಕಿಂತ ಎಳ್ಳಷ್ಟೂ ಕಡಿಮೆಯಲ್ಲ.